ನಂಬದಿದ್ದರೆ ರಸೀದಿ ಕೇಳು

ತಮ್ಮಾ,

ನೀನು ಯಾರನ್ನೂ ನಂಬುವುದಿಲ್ಲ ಅನ್ನುವುದು ಈಗ ನಮ್ಮ ಕುಪ್ಪೇಲೂರಿಗೆಲ್ಲ ಗೊತ್ತು. ತಹಶೀಲ್ದಾರ ಕಚೇರಿ ಅಂದರೆ ಲಂಚ, ಠಾಣೆ ಅಂದರೆ ಕೇಸು, ಪೇಪರಿನವರು ಮಾರಿಕೊಂಡವರು, ಕೃಷಿ ಇಲಾಖೆಯವರು ಕಂಪನಿ ಕಡೆಯವರು, ಹಿರಿಯರು ಅಂದರೆ ಕೂತಲ್ಲೇ ಬುದ್ಧಿ ಹೇಳುವವರು. ಕೊನೆಯದೊಂದನ್ನು ನಾನೇ ಈಗ ನಿಜ ಮಾಡುತ್ತಿದ್ದೇನೆ. ನಿಮ್ಮಪ್ಪ ಬಂದು, "ಅಣ್ಣಾ, ನನ್ನ ಮಾತಂತೂ ಕೇಳಂಗಿಲ್ಲ ಅವ, ನೀನರ ಒಂಚೂರು ಹೇಳು" ಅಂದ. ಅವನಿಗೆ ಬೇಕಾಗಿರುವುದು ನೀನು ತಗ್ಗಿ ಬಗ್ಗಿ ನಡೆಯಬೇಕು ಅನ್ನುವುದು. ನಾನು ಹೇಳುವುದು ಅದಲ್ಲ. ಹಾಗಾಗಿ ಓದಿದ ಮೇಲೆ ಇದನ್ನು ಅವನ ಕೈಗೆ ಕೊಡಬೇಡ.

ನಂಬಬೇಡ. ಹಾವೇರಿ ಜಿಲ್ಲೆಯ ರೈತನ ಮಗ ಸರ್ಕಾರವನ್ನು ಕಣ್ಣುಮುಚ್ಚಿ ನಂಬಿದರೆ ಅವನಿಗೆ ನೆನಪು ಗಟ್ಟಿ ಇಲ್ಲ ಅಂತಲೇ ಲೆಕ್ಕ. 2008ರ ಜೂನ್ 10 ನಿನಗೆ ನೆನಪಿರಲಿಕ್ಕಿಲ್ಲ, ನೀನಿನ್ನೂ ಶಾಲೆಗೆ ಹೋಗುವ ಹುಡುಗ. ರೈತರ ಹೆಸರಿನಲ್ಲಿ ಪ್ರಮಾಣವಚನ ತೆಗೆದುಕೊಂಡ ಸರ್ಕಾರ ಬಂದು ಇನ್ನೂ ಎರಡು ವಾರ ತುಂಬಿರಲಿಲ್ಲ. ಬಿತ್ತನೆ ಮೈಮೇಲೆ ಬಂದಿತ್ತು, ಗೊಬ್ಬರ ಸಿಗುತ್ತಿರಲಿಲ್ಲ. ಹಾವೇರಿಯಲ್ಲಿ ಗೊಬ್ಬರ ಕೇಳಲು ಸೇರಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸಿದ್ಧಲಿಂಗಪ್ಪ ಚೂರಿ, ಪುಟ್ಟಪ್ಪ ಹೊನ್ನತ್ತಿ ಇಬ್ಬರು ಜೀವ ಬಿಟ್ಟರು. ಕೇಳಿದ್ದು ಒಂದು ಚೀಲ ಗೊಬ್ಬರ. ಇಂಥ ಜಿಲ್ಲೆಯಲ್ಲಿ ಹುಟ್ಟಿದ ಹುಡುಗ ಅಧಿಕಾರವನ್ನು ಅನುಮಾನದಿಂದ ನೋಡಿದರೆ ಅವನಿಗೆ ಕೆಟ್ಟ ಬುದ್ಧಿ ಬಂದಿದೆ ಅಂತ ನಾನು ಹೇಳುವುದಿಲ್ಲ.

ಅನುಮಾನ ನಮ್ಮ ಸೀಮೆಗೆ ಹೊಸದೂ ಅಲ್ಲ. ಅಂಬಿಗರ ಚೌಡಯ್ಯ ನಮ್ಮ ರಾಣೆಬೆನ್ನೂರು ತಾಲ್ಲೂಕಿನವನೇ, ಚೌಡದಾನಪುರದ ಹೊಳೆಯ ದಂಡೆಯವನು. ಹನ್ನೆರಡನೇ ಶತಮಾನದಲ್ಲಿ ದೋಣಿ ನಡೆಸಿಕೊಂಡಿದ್ದ ಆ ಮನುಷ್ಯ ಗುರು, ಭಕ್ತ, ಪೂಜಾರಿ ಅಂತ ಯಾರ ಮುಖವನ್ನೂ ನೋಡದೆ ಮಾತಾಡಿದ. ಬೇರೆ ಶರಣರ ವಚನ ಓದಿದ ಮೇಲೆ ಅವನದನ್ನು ಓದಿದರೆ ಯಾರೋ ಎದ್ದು ನಿಂತು ಗದರಿದ ಹಾಗಾಗುತ್ತದೆ. ಇನ್ನು ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು. 1930ರಲ್ಲಿ ಗಾಂಧೀಜಿ ದಂಡಿಗೆ ನಡೆದಾಗ ಆ ತಂಡದಲ್ಲಿದ್ದ ಒಬ್ಬನೇ ಕನ್ನಡಿಗ, ಹದಿನೆಂಟು ವರ್ಷದ ಹುಡುಗ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಬ್ರಿಟಿಷರ ಕಂದಾಯದ ಹಣ ಇಟ್ಟಿದ್ದ ಜಾಗಕ್ಕೆ ನುಗ್ಗಿ ಗುಂಡಿಗೆ ಬಿದ್ದರು, ಜೊತೆಗೆ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರೂ ಬಿದ್ದರು. ಮಹಾದೇವಪ್ಪನವರ ಹೆಂಡತಿ ಸಿದ್ಧಮ್ಮನವರೂ ಜೈಲು ಕಂಡವರು. ಇದನ್ನು ಯಾಕೆ ಹೇಳುತ್ತೇನೆಂದರೆ, ಆ ಮನೆಯಲ್ಲಿ ಸ್ವಾತಂತ್ರ್ಯ ಅನ್ನುವುದು ಗಂಡನೊಬ್ಬನ ಪಾಲಿನದಾಗಿರಲಿಲ್ಲ. ಈ ಮಾತನ್ನು ಇಟ್ಟುಕೊಂಡಿರು, ಮುಂದೆ ಬೇಕಾಗುತ್ತದೆ.

ನನ್ನ ತಕರಾರು ಇಷ್ಟೇ. ನಿನ್ನ ಅಪನಂಬಿಕೆಗೆ ಕೆಲಸ ಇಲ್ಲ. ಕಟ್ಟೆಯ ಮೇಲೆ ಕೂತು ಎಲ್ಲರೂ ಕಳ್ಳರು ಅಂದರೆ ಯಾವ ಕಳ್ಳನಿಗೂ ನಷ್ಟವಿಲ್ಲ. ಎಲ್ಲರೂ ಕಳ್ಳರಾದ ಮೇಲೆ ಇಂಥವನೇ ಕಳ್ಳ ಅಂತ ತೋರಿಸುವ ತಾಪತ್ರಯವೂ ನಿನಗಿಲ್ಲ. ಸಿಟ್ಟು ಒಂದು ದಿನ ಉಕ್ಕುತ್ತದೆ, ಆಮೇಲೆ ಏನಾಗುತ್ತದೆ ಅಂತ ಬ್ಯಾಡಗಿಯಲ್ಲಿ ನೋಡಿದೆವಲ್ಲ. 2024ರ ಮಾರ್ಚ್ 11, ಸೋಮವಾರದ ಪೇಟೆ. ಮೆಣಸಿನಕಾಯಿ ದರ ಹಿಂದಿನ ಟೆಂಡರಿಗಿಂತ ಪಾತಾಳಕ್ಕೆ ಬಿತ್ತು ಅಂತ ರೈತರು ಸಿಟ್ಟಿಗೆದ್ದು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು, ಬೆಂಕಿ ಆರಿಸಲು ಬಂದ ಗಾಡಿಯೂ ಸುಟ್ಟಿತು. ದರ ಇಳಿಸಿದ್ದು ಯಾರು ಅಂತ ಇವತ್ತಿಗೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬೆಂಕಿ ಹಚ್ಚಿದ್ದು ಯಾರು ಅನ್ನುವುದು ಮಾತ್ರ ಮೊಬೈಲಿನಲ್ಲಿ, ಸಿಸಿಟಿವಿಯಲ್ಲಿ ಸ್ಪಷ್ಟ ಇತ್ತು. ಕೇಸು ಬಿದ್ದದ್ದು ಕಾಯಿ ತಂದವರ ಮೇಲೆ.

ಅದೇ ಪೇಟೆಯಲ್ಲಿ ಅಪನಂಬಿಕೆಗೆ ಇನ್ನೊಂದು ದಾರಿ ಇದೆ, ಅದರಲ್ಲಿ ವಿಡಿಯೊ ಮಾಡುವಂಥದ್ದು ಏನೂ ಇಲ್ಲ. ನಿನ್ನ ರಾಶಿಗೆ ಒಂದು ಲಾಟ್ ನಂಬರ್ ಬೀಳುತ್ತದೆ. ಖರೀದಿದಾರರು ಕಂಪ್ಯೂಟರಿನಲ್ಲಿ ದರ ನಮೂದಿಸುತ್ತಾರೆ. ಬಂದ ದರ ನಿನಗೆ ಒಪ್ಪಿಗೆಯಾಗದಿದ್ದರೆ ಕೊಡುವುದಿಲ್ಲ ಅನ್ನುವ ಹಕ್ಕು ನಿನಗಿದೆ. ಮಾಲನ್ನು ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟು ಕಾಯಬಹುದು. ತೂಕವಾದ ಮೇಲೆ ತೂಕದ ಚೀಟಿ, ಮಾರಿದ ಮೇಲೆ ಲೆಕ್ಕ ತಿರುವಳಿ ಪಟ್ಟಿ. ಆ ಪಟ್ಟಿಯಲ್ಲಿ ದಲಾಲಿ ನಿನ್ನ ಕಡೆಯಿಂದ ಮುರಿದಿದ್ದರೆ ಅದು ಕಾನೂನಿಗೆ ವಿರುದ್ಧ. ದಲಾಲಿ ಕೊಡಬೇಕಾದವನು ಖರೀದಿದಾರ. ನಿನಗಿದು ಗೊತ್ತಿತ್ತೇ? ಬಿಳಿ ಚೀಟಿಯಲ್ಲಿ ಪೆನ್ಸಿಲ್ಲಿನಿಂದ ಗೀಚಿಕೊಟ್ಟ ಲೆಕ್ಕವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, ಊರಿಗೆ ಬಂದು ವ್ಯವಸ್ಥೆಯೇ ಸರಿಯಿಲ್ಲ ಅನ್ನುತ್ತೀಯಲ್ಲ, ಆ ವ್ಯವಸ್ಥೆ ನಿನ್ನ ಜೇಬಿನಲ್ಲೇ ಇರುತ್ತದೆ. ದಲಾಲಿ ಅಂಗಡಿಯವನು, "ಏನಪಾ, ನಮ್ಮ ಮ್ಯಾಲ ನಂಬಿಕಿ ಇಲ್ಲೇನು?" ಅಂತ ಕೇಳುತ್ತಾನೆ. ಅಲ್ಲಿ ಬಾಯಿ ಕಟ್ಟಿಹೋಗುತ್ತದೆ ನೋಡು. ತಲೆಮಾರಿನಿಂದ ಅಡ್ವಾನ್ಸ್ ಕೊಟ್ಟ ಅಂಗಡಿ, ಅಪ್ಪನ ಕಾಲದ ಸಂಬಂಧ. ಮುಖ್ಯಮಂತ್ರಿಗೆ ಬೈಯುವುದಕ್ಕಿಂತ ಅಲ್ಲಿ ನಿಂತು, "ನಂಬಿಕಿ ಐತ್ರೀ, ಪಟ್ಟಿನೂ ಕೊಡ್ರಿ" ಅನ್ನುವುದಕ್ಕೆ ಹೆಚ್ಚು ಎದೆ ಬೇಕು.

ಬೀಜೋತ್ಪಾದನೆಯ ಮಾತು ನಿನಗೆ ನಾನು ಹೇಳಬೇಕಾಗಿಲ್ಲ, ನೀನು ಅದರಲ್ಲೇ ಬೆಳೆದವನು. ರಾಣೆಬೆನ್ನೂರು ಸೀಮೆಯ ಹೈಬ್ರಿಡ್ ಬೀಜ ಎಲ್ಲೆಲ್ಲಿಗೋ ಹೋಗುತ್ತದೆ. ಇಲ್ಲಿ ನೆಟ್ ಹೌಸಿನಲ್ಲಿ ಸಂಜೆ ಕೂತು ಒಂದೊಂದೇ ಮೊಗ್ಗು ಬಿಡಿಸಿ ಕೇಸರ ಕೀಳುವುದು, ಮರುದಿನ ಬೆಳಗ್ಗೆ ಗಂಡುಹೂವಿನ ಪುಡಿ ಮುಟ್ಟಿಸಿ ಕ್ರಾಸಿಂಗ್ ಮಾಡುವುದು, ಕಾಯಿ ಹಣ್ಣಾಗಿ ಬೀಜ ತೆಗೆಯುವ ತನಕ ಮಗುವಿನ ಹಾಗೆ ನೋಡಿಕೊಳ್ಳುವುದು. ಆಮೇಲೆ ಕಂಪನಿಯವರು ಎಲ್ಲೋ ಒಂದು ಕಡೆ ಬಿತ್ತಿ ಪರೀಕ್ಷೆ ಮಾಡಿ, "ಫೇಲ್ ಆತು" ಅಂತ ಫೋನಿನಲ್ಲಿ ಹೇಳುತ್ತಾರೆ. ಒಂದು ವರ್ಷ ನಮ್ಮ ಟೊಮ್ಯಾಟೊ ಬೀಜಕ್ಕೂ ಹೀಗೇ ಆಯಿತು. ಮಧ್ಯಸ್ಥ ಏಜೆಂಟನಿಗೆ ಕೇಳಿದರೆ, "ಕಂಪನೀಯವರು ಹೇಳ್ಯಾರ" ಅನ್ನುತ್ತಾನೆ. ಕಂಪನಿಗೆ ಕೇಳಿದರೆ ಏಜೆಂಟನನ್ನು ತೋರಿಸುತ್ತಾರೆ. ಒಪ್ಪಂದದ ಕಾಗದ ಇಲ್ಲ, ಇದ್ದದ್ದು ಒಂದು ಡೈರಿಯಲ್ಲಿ ಪೆನ್ನಿನಲ್ಲಿ ಬರೆದ ತೂಕ. ನಿಮ್ಮ ದೊಡ್ಡವ್ವ ಆ ಡೈರಿಯ ಹಾಳೆಗೆ ಏಜೆಂಟನ ಸಹಿ ಹಾಕಿಸಿಟ್ಟುಕೊಂಡಿದ್ದಳು. ಅದೊಂದು ಹಾಳೆ ಇದ್ದುದರಿಂದ ಪರೀಕ್ಷೆಯ ವರದಿ ಬರೆದು ಕೊಡಿ ಅಂತ ಪಟ್ಟುಹಿಡಿಯಲು ಆಯಿತು, ವರದಿ ಕೊಡುವ ಬದಲು ಅರ್ಧ ದುಡ್ಡು ಕೊಟ್ಟರು. ಪೂರ್ತಿ ನ್ಯಾಯ ಅಲ್ಲ, ಒಪ್ಪುತ್ತೇನೆ. ಸಹಿ ಇಲ್ಲದ ಪಕ್ಕದ ಹೊಲದವರಿಗೆ ಅದೂ ಬರಲಿಲ್ಲ.

ಸರ್ಕಾರದ ಜೊತೆಗೂ ಇದೇ ರೀತಿ. ನಿಮ್ಮ ಹೊಲದಲ್ಲಿ ಗೋವಿನಜೋಳ ನಿಂತಿರುವಾಗ ಬೆಳೆ ಸಮೀಕ್ಷೆಯಲ್ಲಿ ಬೇರೆ ಬೆಳೆ ಕೂತರೆ ವಿಮೆ ಬರುವುದಿಲ್ಲ. ಆಗ ನೀನು ವಾಟ್ಸ್ಯಾಪ್ ಸ್ಟೇಟಸ್ ಹಾಕುತ್ತೀಯ. ಅದನ್ನು ಯಾವ ಅಧಿಕಾರಿಯೂ ನೋಡುವುದಿಲ್ಲ, ನೋಡಿದರೂ ಉತ್ತರ ಕೊಡಬೇಕಾಗಿಲ್ಲ. 2005ರಿಂದ ಮಾಹಿತಿ ಹಕ್ಕು ಕಾಯ್ದೆ ಇದೆ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ, ಕೊಡದಿದ್ದರೆ ಮೇಲ್ಮನವಿ. ನಮ್ಮ ರಾಜ್ಯದಲ್ಲಿ ಅರ್ಜಿ 150 ಶಬ್ದ ಮೀರಬಾರದು ಅಂತ ನಿಯಮ ಇದೆ. ನಿನ್ನ ಸ್ಟೇಟಸ್ಸುಗಳು ಅದಕ್ಕಿಂತ ಉದ್ದ. ನಾಡಕಚೇರಿಯಲ್ಲಿ ಸಕಾಲದ ಅರ್ಜಿ ಕೊಟ್ಟರೆ ಜಿ.ಎಸ್.ಸಿ. ನಂಬರಿನ ಸ್ವೀಕೃತಿ ಚೀಟಿ ಕೊಡಲೇಬೇಕು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಐನೂರು ರೂಪಾಯಿಗೆ ಯಾರ ಮನೆಯೂ ಉದ್ಧಾರ ಆಗುವುದಿಲ್ಲ, ಆದರೆ ತಡ ಮಾಡಿದವನ ಹೆಸರು ಕಾಗದದ ಮೇಲೆ ಬರುತ್ತದೆ. ಅಧಿಕಾರದಲ್ಲಿ ಕೂತವನಿಗೆ ನಿನ್ನ ಸಿಟ್ಟಿನ ಭಯ ಇಲ್ಲ, ಕಾಗದದ ಭಯ ಇದೆ.

ನಾನು ಹರೆಯದಲ್ಲಿದ್ದಾಗ ರೈತ ಸಂಘದವರು ಊರ ಬಾಗಿಲಿಗೆ ಬೋರ್ಡು ಹಾಕಿದ್ದರು, ಊರಿನ ಅನುಮತಿ ಇಲ್ಲದೆ ಅಧಿಕಾರಿಗಳು ಒಳಗೆ ಬರಬಾರದು ಅಂತ. 1980ರಲ್ಲಿ ನರಗುಂದ–ನವಲಗುಂದದ ಗೋಲಿಬಾರಿನ ಬೆನ್ನಿಗೆ ಹುಟ್ಟಿದ ಸಂಘ ಅದು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅದನ್ನು ಕಟ್ಟಿದರು. ಸಾಲಕ್ಕಾಗಿ ಮನೆಯ ಪಾತ್ರೆ ಜಪ್ತಿ ಮಾಡಿಕೊಂಡು ಹೋದರೆ ಸಂಘದವರು ಹೋಗಿ ಮರುಜಪ್ತಿ ಮಾಡಿ ವಾಪಸ್ ತರುತ್ತಿದ್ದರು. ಆ ಕಾಲದ ಅಪನಂಬಿಕೆಗೆ ಹೆಗಲ ಮೇಲೆ ಹಸಿರು ಟವೆಲ್ ಇತ್ತು, ಪಕ್ಕದಲ್ಲಿ ನೂರು ಜನ ಇದ್ದರು. ಅದೇ ಜನ ವರದಕ್ಷಿಣೆ, ಅದ್ದೂರಿ ಬೇಡ ಅಂತ ಸರಳ ಮದುವೆ ಮಾಡಿಸಿದರು. ಅಧಿಕಾರ ಅನ್ನುವುದು ತಾಲ್ಲೂಕು ಕಚೇರಿಯಲ್ಲಿ ಮಾತ್ರ ಇರುವುದಿಲ್ಲ ಅಂತ ಅವರಿಗೆ ತಿಳಿದಿತ್ತು. ಆಮೇಲೆ ಸಂಘ ಒಡೆಯಿತು, ಹೋಳಾಯಿತು, ಆ ಕಥೆ ಬೇರೆ.

ನಿನ್ನ ಪಕ್ಕದಲ್ಲಿ ಈಗ ಇರುವುದು ಒಂದು ಫೋನು. ಮೇಷ್ಟ್ರನ್ನು ನಂಬದವನು, ಡಾಕ್ಟರನ್ನು ನಂಬದವನು, ಬಾಡಿಗೆ ಕಾರಿಗೆ ಒರಗಿ ನಿಂತು "ಗಂಡಸಾಗಿ ಬದುಕಿ" ಅನ್ನುವ ಯಾರೋ ಒಬ್ಬನನ್ನು ಹೇಗೆ ನಂಬಿದೆ? ಹೆಣ್ಣುಮಕ್ಕಳು ಎಲ್ಲ ಕಸಿದುಕೊಂಡರು, ಕಣ್ಣು ತೆರೆಯಿರಿ, ನನ್ನ ಕೋರ್ಸಿಗೆ ಸೇರಿ ಅನ್ನುತ್ತಾನೆ. ದುಡ್ಡು ಕಟ್ಟಿ ಆಡುವ ಆಟದ ಆ್ಯಪಿಗೂ ಅವನದೇ ಜಾಹೀರಾತು ಇತ್ತು. ಅಂಥ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸುವ ಹೊತ್ತಿಗೆ ನಮ್ಮ ಓಣಿಯಲ್ಲೇ ಎರಡು ಬೈಕು, ಒಂದು ಜೋಡಿ ಎತ್ತು ಹೋಗಿದ್ದವು. ಸರ್ಕಾರಕ್ಕೆ ಕೇಳುವ ಲೆಕ್ಕವನ್ನು ಆ ಕಾರಿನವನಿಗೂ ಕೇಳು: ನೀನು ಯಾರು, ನಿನಗೆ ದುಡ್ಡು ಎಲ್ಲಿಂದ ಬರುತ್ತದೆ, ನಾನು ಸಿಟ್ಟಾದರೆ ನಿನಗೇನು ಲಾಭ?

ಆದರೆ ಅವನ ಮಾತು ನಿನಗೆ ಯಾಕೆ ನಾಟಿತು ಅನ್ನುವುದು ನನಗೆ ಗೊತ್ತು. ನಿನ್ನ ದುಃಖ ಸುಳ್ಳಲ್ಲ, ಕೇಳುವವರಿಲ್ಲ.

ಮೊದಲು ಸಣ್ಣದು ಮುಗಿಸೋಣ. "ದೊಡ್ಡಪ್ಪಾ, ಬಸ್ಸಿನ್ಯಾಗ ಹೆಣ್ಮಕ್ಕಳಿಗೆ ಪುಕ್ಕಟೆ, ನಮಗ ಟಿಕೀಟು, ಮ್ಯಾಲ ನಿಂತು ಹೋಗೋರೂ ನಾವ" ಅಂತ ನೀನು ಅನ್ನುತ್ತಿರುತ್ತೀಯ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂತು, ಆಗಸ್ಟಿನಲ್ಲಿ ಗೃಹಲಕ್ಷ್ಮಿಯ ಎರಡು ಸಾವಿರ ಬಂತು, 2025ರ ಜನವರಿಯಲ್ಲಿ ಟಿಕೀಟಿನ ದರ ನೂರಕ್ಕೆ ಹದಿನೈದು ಏರಿತು. ನಿನ್ನ ಜೇಬಿಗೆ ಬಿದ್ದ ಹೊರೆ ನಿಜ. ಬಸ್ಸು ಸಾಲುವುದಿಲ್ಲ ಅನ್ನುವುದೂ ನಿಜ, ಅದನ್ನು ಡಿಪೋಕ್ಕೆ ಬರೆದು ಕೇಳಬೇಕು. ಆದರೆ ಆ ಬಸ್ಸಿನಲ್ಲಿ ಕೂತವಳು ನಿಮ್ಮವ್ವ. ರಾಣೆಬೆನ್ನೂರು ದವಾಖಾನೆಗೆ ಹೋಗಲು ಅವಳು ಮೊದಲು ನಿಮ್ಮಪ್ಪನ ಹತ್ತಿರ ಕೈಚಾಚಬೇಕಾಗಿತ್ತು. ಈಗ ಕೇಳದೆ ಹೋಗಿ ಬರುತ್ತಾಳೆ. ನಿನಗೆ ಬೇಕು ಅನ್ನುವ ಸ್ವಾತಂತ್ರ್ಯ ಅದೇ ಅಲ್ಲವೇ?

ಮತ್ತೆ, ಎಲ್ಲ ಅವರಿಗೇ ಅನ್ನುವಾಗ ಇನ್ನೊಂದನ್ನೂ ಜೊತೆಗೆ ಹೇಳು. 2025ರ ಜನವರಿಯಲ್ಲಿ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು ರಾಣೆಬೆನ್ನೂರಿನ ಅಂಚೆ ಕಚೇರಿಗೆ ಹೋಗಿ ಮುಖ್ಯಮಂತ್ರಿಗೆ ಮಾಂಗಲ್ಯ ಪೋಸ್ಟ್ ಮಾಡಿದರು. ಮೈಕ್ರೋಫೈನಾನ್ಸಿನವರ ಕಿರುಕುಳ ತಾಳಲಾಗದೆ, ಮಾಂಗಲ್ಯ ಉಳಿಸಿಕೊಡಿ ಅಂತ. ಸಾಲ ಯಾರ ಹೆಸರಿನಲ್ಲಿತ್ತು? ಹೆಂಗಸರ ಹೆಸರಿನಲ್ಲಿ, ಯಾಕೆಂದರೆ ಮಹಿಳಾ ಸಂಘದ ಸಾಲ ಕೊಡುವುದು ಅವರಿಗೆ. ದುಡ್ಡು ಎಷ್ಟೋ ಮನೆಗಳಲ್ಲಿ ಬೋರ್‌ವೆಲ್ಲಿಗೆ, ಗೊಬ್ಬರಕ್ಕೆ, ಗಂಡನ ಬೈಕಿನ ಕಂತಿಗೆ ಹೋಗಿತ್ತು. ಕಂತು ವಸೂಲಿಗೆ ಬಂದವರು ಬಾಗಿಲಲ್ಲಿ ಕೂತಾಗ ಗಂಡಸರು ಹಿತ್ತಿಲ ಬಾಗಿಲಿನಿಂದ ಹೊಲಕ್ಕೋ ದೂರದೂರಿಗೋ ಹೋದರು. ನಾಚಿಕೆಯಿಂದ ಹೋದರು ಅಂತ ನನಗೆ ಗೊತ್ತು, ಮನೆ ನಡೆಸಲಾರದ ಗಂಡಸಿನ ನಾಚಿಕೆ ಸಣ್ಣದಲ್ಲ. ಆದರೂ ಬಾಗಿಲಲ್ಲಿ ನಿಂತವರು ಹೆಂಗಸರು. ಮಾಂಗಲ್ಯ ಬಿಚ್ಚಿ ಲಕೋಟೆಗೆ ಹಾಕಿದ್ದರಿಂದ ಬೆಂಗಳೂರು ಎಚ್ಚರಾಯಿತು. ಕಿರುಕುಳ ತಡೆಯಲು ಸರ್ಕಾರ ತಂದ ಸುಗ್ರೀವಾಜ್ಞೆಯನ್ನು ರಾಜ್ಯಪಾಲರು ಒಮ್ಮೆ ವಾಪಸ್ ಕಳಿಸಿ, ಆಮೇಲೆ ಫೆಬ್ರವರಿ 12ರಂದು ಸಹಿ ಹಾಕಿದರು. ವಸೂಲಿಯ ಹೆಸರಿನಲ್ಲಿ ಕಿರುಕುಳ ಕೊಟ್ಟರೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ದೂರು ತೆಗೆದುಕೊಳ್ಳುವುದಿಲ್ಲ ಅಂತ ಪೊಲೀಸರು ಹೇಳುವ ಹಾಗಿಲ್ಲ. ಅಧಿಕಾರವನ್ನು ನಂಬದೆ, ಅದರ ಬಾಗಿಲು ಬಡಿದು ಕೆಲಸ ಮಾಡಿಸಿಕೊಳ್ಳುವುದು ಹೇಗೆ ಅಂತ ಇತ್ತೀಚೆಗೆ ನಮ್ಮ ತಾಲ್ಲೂಕಿಗೆ ತೋರಿಸಿಕೊಟ್ಟವರು ಗಂಡಸರಲ್ಲ.

ಈಗ ದೊಡ್ಡದು. ನಿನಗೆ ಹೆಣ್ಣು ಸಿಗುತ್ತಿಲ್ಲ. ಮೂರು ವರ್ಷದಿಂದ ನಿಮ್ಮವ್ವ ನೋಡುತ್ತಿದ್ದಾಳೆ, ಕುಂಡಲಿ ಕೂಡುತ್ತದೆ, ಹೊಲ ಅಂದ ಕೂಡಲೇ ಮಾತು ನಿಲ್ಲುತ್ತದೆ. ನೀನೊಬ್ಬನೇ ಅಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯ ಕಡೆಯ ರೈತ ಹುಡುಗರು ಹೆಣ್ಣು ಸಿಗಲಿ ಅಂತ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಟಿವಿಯವರು ಅದನ್ನು ತಮಾಷೆಯ ಸುದ್ದಿ ಮಾಡಿದರು, ಜನ ನಕ್ಕರು. ನಗುವಂಥದ್ದು ಅದರಲ್ಲಿ ಏನಿತ್ತೋ ನನಗೆ ತಿಳಿಯಲಿಲ್ಲ. ಮೂವತ್ತು ದಾಟಿದ ಗಂಡಸು ಪ್ರತಿ ಮದುವೆಮನೆಯಲ್ಲೂ "ನಿಂದ್ಯಾವಾಗಪಾ?" ಅನ್ನುವ ಮಾತು ಕೇಳಿಕೊಂಡು ಊಟ ಮಾಡಿ ಬರುವುದು ತಮಾಷೆಯಲ್ಲ. ಈ ಅವಸರದಲ್ಲೇ ದಲ್ಲಾಳಿಗಳು ಹುಟ್ಟಿಕೊಂಡಿದ್ದಾರೆ. ದೂರದ ಜಿಲ್ಲೆಯ ಹೆಣ್ಣು ತೋರಿಸಿ, ಲಕ್ಷ ಲಕ್ಷ ಮುಂಗಡ ತೆಗೆದುಕೊಂಡು, ಮದುವೆಯಾದ ವಾರಕ್ಕೆ ಎಲ್ಲರೂ ಮಾಯ. ನಿಮ್ಮಪ್ಪನಿಗೆ ಯಾರಾದರೂ ಅಂಥ ಮಾತು ತಂದರೆ ನನಗೆ ಮೊದಲು ತಿಳಿಸು.

ಹೆಣ್ಣುಮಕ್ಕಳು ಯಾಕೆ ಕಡಿಮೆಯಾದರು ಅನ್ನುವುದಕ್ಕೆ ಒಂದು ಉತ್ತರ ನಮ್ಮ ತಲೆಮಾರು ಕೊಡಬೇಕು. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 948 ಹೆಣ್ಣುಮಕ್ಕಳಿದ್ದರು. ಭ್ರೂಣದ ಲಿಂಗ ಪತ್ತೆಗೆ 1994ರಲ್ಲೇ ನಿಷೇಧದ ಕಾನೂನು ಬಂದಿತ್ತು. ಆ ಕಾನೂನನ್ನು ಮುರಿದವರು ಯಾವ ಸ್ತ್ರೀವಾದಿಗಳೂ ಅಲ್ಲ, ಗಂಡು ಬೇಕು ಅಂದ ನಮ್ಮಂಥ ಮನೆಗಳು. ಆದರೆ ಲೆಕ್ಕಕ್ಕಿಂತ ಮುಖ್ಯವಾದ ಕಾರಣ ಬೇರೆ. ಓದಿದ ಹುಡುಗಿ ರೈತನನ್ನು ಒಲ್ಲೆ ಅನ್ನುತ್ತಾಳೆ. ಅವಳ ತಾಯಿ ಬೆಳಗಿನ ಜಾವ ಸೆಗಣಿ ಬಾಚಿ, ಹಗಲು ಕ್ರಾಸಿಂಗ್ ಮಾಡಿ, ರಾತ್ರಿ ರೊಟ್ಟಿ ಬಡಿದದ್ದನ್ನು ನೋಡಿ ಬೆಳೆದವಳು ಅವಳು. ಬೆಲೆ ಬಿದ್ದರೆ ಗಂಡನ ಸಿಟ್ಟು ಯಾರ ಮೇಲೆ ಬೀಳುತ್ತದೆ ಅಂತ ಗೊತ್ತಿದ್ದವಳು. "ಮಗಳಂಗ ನೋಡಿಕೋತೀವಿ" ಅನ್ನುವ ಅತ್ತೆಯ ಮಾತನ್ನು ನಂಬುವುದಿಲ್ಲ. ನೀನು ಸರ್ಕಾರವನ್ನು ನಂಬದ ಹಾಗೆಯೇ ಅವಳು ನಿನ್ನ ಮನೆಯನ್ನು ನಂಬುತ್ತಿಲ್ಲ. ನಿನ್ನದಕ್ಕೆ ಸ್ವಾಭಿಮಾನ ಅನ್ನುತ್ತೀಯ, ಅವಳದಕ್ಕೆ ಕೊಬ್ಬು ಅನ್ನುತ್ತೀಯ. ಅವಳ ಜಾಗದಲ್ಲಿದ್ದರೆ ನೀನೇನು ಮಾಡುತ್ತಿದ್ದೆ? ಕಾಗದ ಕೇಳುತ್ತಿದ್ದೆ ತಾನೇ?

ಮದುವೆಯಾದರೆ ಸುಳ್ಳು ಕೇಸು ಹಾಕುತ್ತಾರೆ ಅನ್ನುವ ಭಯವೂ ಆ ಫೋನಿನಿಂದಲೇ ಬಂದದ್ದು. 2024ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಒಬ್ಬ ಸಾಫ್ಟ್‌ವೇರ್ ಹುಡುಗ ಕೋರ್ಟು ಕೇಸುಗಳಿಂದ ಬೇಸತ್ತೆ ಅಂತ ವಿಡಿಯೊ ಮಾಡಿಟ್ಟು ಜೀವ ಕಳೆದುಕೊಂಡ ಮೇಲೆ ಇದು ಹೆಚ್ಚಾಯಿತು. ಕಾನೂನಿನ ದುರ್ಬಳಕೆ ಇಲ್ಲ ಅಂತ ನಾನು ಹೇಳುವುದಿಲ್ಲ, ಸುಪ್ರೀಂ ಕೋರ್ಟೇ ಹೇಳಿದೆ. ಅದಕ್ಕೇ 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ, ದೂರು ಬಂದ ತಕ್ಷಣ ಯಾಂತ್ರಿಕವಾಗಿ ಬಂಧಿಸಬಾರದು, ಬಂಧನ ಯಾಕೆ ಬೇಕು ಅಂತ ಪೊಲೀಸರು ಕಾರಣ ಬರೆಯಬೇಕು ಅಂತ ತೀರ್ಪು ಕೊಟ್ಟಿತು. ಇದನ್ನು ತಿಳಿದುಕೊಂಡಿರು. ಆದರೆ ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ 1961ರಿಂದ ಅಪರಾಧ. ಬಂಗಾರ, ಬೈಕು ಇಸಿದುಕೊಂಡು ಆಮೇಲೆ ಕಾನೂನಿಗೆ ಹೆದರುವ ಹುಡುಗರ ಬಗ್ಗೆ ನನಗೆ ಅಷ್ಟೇನೂ ಕನಿಕರ ಇಲ್ಲ.

ಕನಿಕರ ಇರುವುದು ಬಾಯಿಬಿಡದ ಗಂಡಸರ ಬಗ್ಗೆ. 2022ರಲ್ಲಿ ಈ ದೇಶದಲ್ಲಿ 1,70,924 ಜನ ತಮ್ಮ ಜೀವ ತಾವೇ ಕಳೆದುಕೊಂಡರು, ನೂರರಲ್ಲಿ ಎಪ್ಪತ್ತೆರಡರಷ್ಟು ಗಂಡಸರು. ನಮ್ಮ ಜಿಲ್ಲೆಗೆ ಇದು ಪೇಪರಿನ ಅಂಕಿ ಅಲ್ಲ. ಸತ್ತವನಿಗೆ ಸಾಲ ಇತ್ತು ಅನ್ನುತ್ತಾರೆ, ಮಳೆ ಕೈಕೊಟ್ಟಿತು ಅನ್ನುತ್ತಾರೆ. ಎರಡೂ ನಿಜ. ಅಷ್ಟೇ ಸಾಲ ಇದ್ದ ಅವನ ಹೆಂಡತಿ ಮರುದಿನದಿಂದ ಮಕ್ಕಳನ್ನು ಕಟ್ಟಿಕೊಂಡು ಕೂಲಿಗೆ ಹೋಗುತ್ತಾಳೆ, ಪರಿಹಾರದ ಐದು ಲಕ್ಷಕ್ಕೆ ಕಚೇರಿ ಅಲೆಯುತ್ತಾಳೆ. ಅವಳಿಗೆ ಬಾವಿಕಟ್ಟೆಯಲ್ಲಿ, ಕ್ರಾಸಿಂಗಿನ ಸಾಲಿನಲ್ಲಿ ಅತ್ತು ಹೇಳಿಕೊಳ್ಳಲು ನಾಲ್ಕು ಜನ ಇದ್ದಾರೆ. ಇವನಿಗೆ ಬ್ರಾಂದಿ ಅಂಗಡಿಯ ಗೆಳೆಯರು, ಅಲ್ಲಿ ಅಳುವ ಹಾಗಿಲ್ಲ. ಹೋರಿ ಹಬ್ಬದಲ್ಲಿ ಕೊಬ್ಬರಿ ಹೋರಿಗೆ ಎದೆ ಕೊಟ್ಟು ನಿಲ್ಲುತ್ತೀರಿ, ನನಗೂ ನೋಡಲು ಆಸೆಯೇ. ಆದರೆ ಡಾಕ್ಟರಿಗೆ "ನಿದ್ದಿ ಬರವಲ್ದು" ಅನ್ನಲು ಹೆದರುತ್ತೀರಿ. ಹಗಲು ರಾತ್ರಿ ಯಾವಾಗ ಬೇಕಾದರೂ 14416ಕ್ಕೆ ಫೋನ್ ಮಾಡು, ಟೆಲಿಮಾನಸ್ ಅನ್ನುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅದು ಸರ್ಕಾರದ್ದು ಅಂತ ಅನುಮಾನ ಬಂದರೆ ನನ್ನ ಬಾಗಿಲು ಬಡಿ. ಬೆಳೆಗೆ ಹೊಡೆಯುವ ಔಷಧಿ ಡಬ್ಬಿಗಳು ಮಲಗುವ ಖೋಲಿಯಲ್ಲಿ ಬೇಡ. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ ಕೀಲಿ ನಿಮ್ಮವ್ವನ ಹತ್ತಿರ ಕೊಡಿ. ಮೊನ್ನೆ ನಿಮ್ಮಪ್ಪನಿಗೂ ಇದನ್ನೇ ಹೇಳಿದೆ, ಯಾಕೆ ಅಂತ ಕೇಳಲಿಲ್ಲ, ಸುಮ್ಮನೆ ತಲೆ ಆಡಿಸಿದ.

ಇನ್ನೊಂದೇ ಇದೆ, ಇದು ನಿನಗೆ ಹಿಡಿಸಲಿಕ್ಕಿಲ್ಲ. ಹೆಣ್ಣಿನ ಕಡೆಯವರು ಬಂದವರೆಲ್ಲ "ಹುಡುಗನ ಹೆಸರಲೆ ಎಷ್ಟು ಎಕರೆ ಐತಿ?" ಅಂತ ಕೇಳುತ್ತಾರೆ. ಪಹಣಿ ನಿಮ್ಮಪ್ಪನ ಹೆಸರಿನಲ್ಲಿದೆ. ಅವನು ಬಿಡುವುದಿಲ್ಲ, ನೀನು ಕೇಳಲಾರೆ. ಮನೆಯೊಳಗಿನ ಅಧಿಕಾರದ ಮುಂದೆ ನಿನ್ನ ದನಿ ಏಳುವುದಿಲ್ಲ. ಈಗ ಅವನೇ ಒಂದು ಉಪಾಯ ಹುಡುಕಿದ್ದಾನೆ. ಪಂಚಮಿಗೆ ಅಕ್ಕ ತವರಿಗೆ ಬಂದಾಗ ಸೀರೆ, ಕುಬಸ, ಉಂಡಿ ಕೊಟ್ಟು, ಹಾಗೇ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದು, ಆಮೇಲೆ ಹೊಲ ನಿನ್ನ ಹೆಸರಿಗೆ. ಊರಲ್ಲಿ ಎಲ್ಲರೂ ಮಾಡುವುದು ಇದನ್ನೇ. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಪಾಲು ಅಂತ ಕರ್ನಾಟಕ 1994ರಲ್ಲೇ ಕಾನೂನು ಮಾಡಿತು, 2005ರಲ್ಲಿ ಇಡೀ ದೇಶಕ್ಕೆ ಬಂತು, ಅದು ಹುಟ್ಟಿನಿಂದಲೇ ಬರುವ ಹಕ್ಕು ಅಂತ 2020ರಲ್ಲಿ ಸುಪ್ರೀಂ ಕೋರ್ಟು ಖಚಿತ ಮಾಡಿತು. ಅಕ್ಕನಿಗೆ ಇದು ಯಾವುದೂ ಗೊತ್ತಿಲ್ಲ. ತಮ್ಮನ ಮದುವೆಗೆ ಬೇಕು ಅಂದರೆ ಓದದೆ ಸಹಿ ಹಾಕುತ್ತಾಳೆ. ಅವಳು ನಿನ್ನನ್ನು ನಂಬುತ್ತಾಳೆ.

ಬಾಂಡ್ ರೈಟರ್ ಹತ್ತಿರ ಹೋಗುವ ಮುಂಚೆ, ಮನೆಯಲ್ಲಿ, ನಿಮ್ಮಪ್ಪ ಇರುವಾಗಲೇ, ಆ ಕಾಗದದಲ್ಲಿ ಏನಿದೆ ಅಂತ ಅವಳಿಗೆ ಪೂರ್ತಿ ಓದಿ ಹೇಳು. ಎಷ್ಟು ಪಾಲು, ಇವತ್ತಿನ ದರದಲ್ಲಿ ಎಷ್ಟು ದುಡ್ಡು, ಸಹಿ ಹಾಕಿದ ಮೇಲೆ ವಾಪಸ್ ಇಲ್ಲ ಅನ್ನುವುದನ್ನೂ ಹೇಳು. ಅವಳಾಗಿ ಬಿಟ್ಟುಕೊಟ್ಟರೆ ಅದು ಅವಳ ಇಷ್ಟ. ಅವಳು "ನನಗೆ ಬೇಕು" ಅಂದರೆ ಅವಳ ಪಾಲು ಅಳೆದು ಬೇರೆ ಮಾಡಬೇಕಾಗುತ್ತದೆ. ನಿಮ್ಮಪ್ಪ ಎರಡು ದಿನ ಊಟ ಬಿಡಬಹುದು, ಅದನ್ನು ನಿಮ್ಮ ದೊಡ್ಡವ್ವ ನೋಡಿಕೊಳ್ಳುತ್ತಾಳೆ. ಹಾಗೆ ಪಾಲು ಅಳೆಸಲು 11ಇ ನಕ್ಷೆಗೆ ಅರ್ಜಿ ಹಾಕುವ ದಿನ ನಾನೂ ಬರುತ್ತೇನೆ, ಹೇಗೂ ರಾಣೆಬೆನ್ನೂರಿನಲ್ಲಿ ಕಣ್ಣಿನ ಡಾಕ್ಟರನ್ನು ಕಾಣುವುದಿದೆ.

ನಿನ್ನ ದೊಡ್ಡಪ್ಪ